ಕದ್ದ ಹಾಡೋ, ಕಡ ತಂದ ಹಾಡೋ?

(ಕಳೆದ ಸಂಚಿಕೆಯ ‘ರಾಕ್ ಸಂಗೀತದ ಜನಕರು’ ಲೇಖನ ಓದಿ ತಿಪಟೂರಿನ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಮೂರು ಹಾಳೆಯ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: “ಬೀಟಲ್ಸ್, ರೋಲಿಂಗ್ ಸ್ಟೋನ್ಸ್ ಮುಂತಾದ ಬ್ರಿಟನ್ನಿನ ಈ ಬ್ಯಾಂಡುಗಳು ಹೊಸದಾಗಿ ಏನನ್ನೂ ಹುಟ್ಟಿಸಲಿಲ್ಲ. ಅಮೆರಿಕದ ಕಪ್ಪು ಜನರ ಹಾಡನ್ನು ಕದ್ದು, ಬಿಳಿ ಮುಖ ತೋರಿಸಿ ಮಾರಿದರು. ‘ಸಮಾಜವನ್ನೇ ಬದಲಿಸಿದರು’ ಎಂದು ಬರೆದಿದ್ದೀರಿ. ಉದ್ದ ಕೂದಲು, ಅಮಲು ಪದಾರ್ಥ ಬಿಟ್ಟು ಇವರು ಸಮಾಜಕ್ಕೆ ಕೊಟ್ಟಿದ್ದೇನು? ಕನ್ನಡ ಪತ್ರಿಕೆಯ ಎಂಟು ಪುಟ ಇವರಿಗೇಕೆ? ನನ್ನ ಮೊಮ್ಮಗ ಬೆಂಗಳೂರಿನಿಂದ ಬಂದಾಗಲೆಲ್ಲ ಅಸ್ಥಿಪಂಜರದ ಚಿತ್ರವಿರುವ ಕಪ್ಪು ಬನಿಯನ್ ತೊಟ್ಟಿರುತ್ತಾನೆ. ಅದು ಯಾವ ಬೇತಾಳ ಎಂದು ನಿಮಗಾದರೂ ಗೊತ್ತೆ?”)

ಮೇಷ್ಟ್ರೇ, ನಮಸ್ಕಾರ.

ಮೊದಲು ತಪ್ಪೊಪ್ಪಿಗೆ. ‘ರಾಕ್ ಸಂಗೀತದ ಜನಕರು’ ಎಂಬ ತಲೆಬರಹ ಲೇಖಕರದ್ದಲ್ಲ, ನನ್ನದು. ಅವರು ಕೊಟ್ಟಿದ್ದು ಎರಡು ಸಾಲಿಗೆ ಹರಡುತ್ತಿತ್ತು. ಪುಟ ಕಟ್ಟುವ ಹೊತ್ತಿಗೆ ರಾತ್ರಿ ಹನ್ನೊಂದು ದಾಟಿತ್ತು, ಕತ್ತರಿ ಆಡಿಸಿಬಿಟ್ಟೆ. ರಾಕ್ ಹುಟ್ಟಿದ್ದು ಲಿವರ್‌ಪೂಲಿನಲ್ಲೂ ಅಲ್ಲ, ಲಂಡನ್ನಿನಲ್ಲೂ ಅಲ್ಲ. ಮಿಸಿಸಿಪ್ಪಿಯ ಹತ್ತಿ ಹೊಲ ಬಿಟ್ಟು ಷಿಕಾಗೋಗೆ ದುಡಿಯಲು ಬಂದ ಕಪ್ಪು ಜನ ತಮ್ಮ ಬ್ಲೂಸ್ ಹಾಡುಗಳನ್ನೂ ಹೊತ್ತು ತಂದರು. ಊರಿನ ಗದ್ದಲದಲ್ಲಿ ಕೇಳಿಸಲೆಂದು ಗಿಟಾರಿಗೆ ಕರೆಂಟು ಕೊಟ್ಟರು. ಚಕ್ ಬೆರಿ, ಲಿಟಲ್ ರಿಚರ್ಡ್‌ರಂಥವರು ಅದನ್ನೇ ಕುಣಿಯುವಂತೆ ಮಾಡಿದರು. ಬ್ರಿಟನ್ನಿನ ಹುಡುಗರ ಕೈಗೆ ಅದು ಬಂದಿದ್ದು ಆಮೇಲೆ. ಅಷ್ಟರ ಮಟ್ಟಿಗೆ ನೀವು ಹೇಳಿದ್ದು ಪೂರಾ ಸರಿ, ತಲೆಬರಹವನ್ನು ವಾಪಸು ಪಡೆದಿದ್ದೇನೆ.

‘ಕದ್ದರು’ ಎಂಬ ಮಾತಿಗೆ ಮಾತ್ರ ನಿಮ್ಮ ಜೊತೆ ಸ್ವಲ್ಪ ಜಗಳವಿದೆ. ಕಳವು ಬೇರೆ, ಕಡ ಬೇರೆ. ಕಡ ತಂದವನು ಯಾರಿಂದ ತಂದೆ ಎಂದು ಹೇಳುತ್ತಾನೆ. ತೀರಿಸುವುದು ತಡವಾದರೂ ಸಂತೆಯಲ್ಲಿ ಎದುರು ಸಿಕ್ಕಾಗ ತಲೆತಪ್ಪಿಸುವುದಿಲ್ಲ. ಈ ಬ್ಯಾಂಡುಗಳಲ್ಲಿ ಎರಡೂ ಥರದವರಿದ್ದರು. ಕೆಲವು ಸಲ ಒಬ್ಬನೇ ಮನುಷ್ಯ ಎರಡೂ ಆಗಿದ್ದ.

ಲಂಡನ್ನಿನ ಹೊರವಲಯದಲ್ಲಿ ಡಾರ್ಟ್‌ಫರ್ಡ್ ಎಂಬ ಊರು. 1961ರ ಅಕ್ಟೋಬರಿನ ಒಂದು ಬೆಳಿಗ್ಗೆ ಅಲ್ಲಿಯ ರೈಲು ನಿಲ್ದಾಣದಲ್ಲಿ ಇಬ್ಬರು ಹುಡುಗರು ಎದುರಾದರು. ಚಿಕ್ಕಂದಿನಲ್ಲಿ ಒಂದೇ ಶಾಲೆಗೆ ಹೋದವರು, ಆಮೇಲೆ ದಾರಿ ಬೇರೆಯಾಗಿತ್ತು. ಒಬ್ಬ ಅರ್ಥಶಾಸ್ತ್ರ ಓದಲು ಲಂಡನ್ನಿಗೆ ಹೋಗಿಬರುತ್ತಿದ್ದ ಮಿಕ್ ಜಾಗರ್. ಇನ್ನೊಬ್ಬ ಚಿತ್ರಕಲಾ ಶಾಲೆಯ ಕೀತ್ ರಿಚರ್ಡ್ಸ್. ಜಾಗರ್ ಕಂಕುಳಲ್ಲಿ ಚಕ್ ಬೆರಿ ಮತ್ತು ಷಿಕಾಗೋದ ಬ್ಲೂಸ್ ಹಾಡುಗಾರ ಮಡ್ಡಿ ವಾಟರ್ಸ್ ಅವರ ರೆಕಾರ್ಡುಗಳಿದ್ದವು. ಅವು ಇಂಗ್ಲೆಂಡಿನ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವ ಸರಕಲ್ಲ. ಅವನ್ನು ಹೊರತರುತ್ತಿದ್ದ ಷಿಕಾಗೋದ ಚೆಸ್ ರೆಕಾರ್ಡು ಕಂಪನಿಗೆ ದುಡ್ಡು ಕಳಿಸಿ ಅಂಚೆಯಲ್ಲಿ ತರಿಸಿಕೊಂಡಿದ್ದ. ಹಾಗೆ ಶುರುವಾದ ಮಾತು ಮರುವರ್ಷ ಬ್ಯಾಂಡಾಯಿತು. ಹೆಸರು ರೋಲಿಂಗ್ ಸ್ಟೋನ್ಸ್, ಮಡ್ಡಿ ವಾಟರ್ಸ್ ಅವರದೇ ಒಂದು ಹಾಡಿನಿಂದ ಎತ್ತಿದ್ದು. ಸಾಲ ಕೊಟ್ಟವನ ಗುರುತನ್ನು ಅಂಗಡಿಯ ಬೋರ್ಡಿನ ಮೇಲೇ ಬರೆಸಿಕೊಂಡ ಹಾಗೆ. ಕಳ್ಳರ ಲಕ್ಷಣ ಇದಲ್ಲ.

1964ರ ಫೆಬ್ರವರಿಯಲ್ಲಿ ಬೀಟಲ್ಸ್ ನ್ಯೂಯಾರ್ಕಿನಲ್ಲಿ ಇಳಿದರು. ಎಡ್ ಸಲಿವನ್ ಅವರ ಟಿವಿ ಕಾರ್ಯಕ್ರಮದಲ್ಲಿ ಅವರನ್ನು ನೋಡಿದವರು ಸುಮಾರು 7 ಕೋಟಿ 30 ಲಕ್ಷ ಜನ. ಏಪ್ರಿಲ್ 4ರ ಹೊತ್ತಿಗೆ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಐದೂ ಸ್ಥಾನ ಅವರದೇ. ಈ ಅಂಕಿಗಳು ಲೇಖನದಲ್ಲಿ ಬಂದಿವೆ, ಮತ್ತೆ ಉದ್ದ ಮಾಡುವುದಿಲ್ಲ. ನನಗೆ ಅದಕ್ಕಿಂತ ಕುತೂಹಲ ಅವರ ಬೆನ್ನಿಗೇ ನಡೆದ ಸಂಗತಿಗಳಲ್ಲಿ. ಆಗಿನ ಅಮೆರಿಕದಲ್ಲಿ ಕಪ್ಪು ಕಲಾವಿದರ ಹಾಡಿಗೆ ಬಹುಮಟ್ಟಿಗೆ ಬೇರೆಯೇ ರೇಡಿಯೊ ಸ್ಟೇಷನ್ನು, ಬೇರೆಯೇ ಸಭಾಂಗಣ. ತಮ್ಮೂರಲ್ಲೇ ಇರುವ ಹಾಡುಗಾರನ ಹೆಸರು ಪಕ್ಕದ ಬೀದಿಯ ಬಿಳಿ ಹುಡುಗರಿಗೆ ಗೊತ್ತಿರಲಿಲ್ಲ. 1965ರ ಮೇ ತಿಂಗಳಲ್ಲಿ ಒಂದು ದೊಡ್ಡ ಟಿವಿ ಕಾರ್ಯಕ್ರಮ ರೋಲಿಂಗ್ ಸ್ಟೋನ್ಸ್ ಅವರನ್ನು ಕರೆದಾಗ ಇವರು ಒಂದು ಷರತ್ತು ಹಾಕಿದರು: ನಾವು ಬರಬೇಕಾದರೆ ಕಪ್ಪು ಬ್ಲೂಸ್ ಹಾಡುಗಾರ ಹೌಲಿನ್ ವುಲ್ಫ್ ಕೂಡ ಬಂದು ಹಾಡಬೇಕು. ವುಲ್ಫ್‌ಗೆ ಆಗ 54 ವರ್ಷ. ಆನೆಯಂಥ ಆಳು, ಗುಡುಗಿನಂಥ ಕಂಠ. ಅವರು ನಿಂತು ಹಾಡುತ್ತಿದ್ದರೆ ಲಂಡನ್ನಿನ ಈ ಹುಡುಗರು ಕಾಲಬುಡದಲ್ಲಿ, ಗುರುವಿನ ಮುಂದೆ ಕೂತ ಶಿಷ್ಯರ ಹಾಗೆ ಕೂತು ಕೇಳಿದರು. ಅಮೆರಿಕದ ಮನೆಮನೆಯ ನಡುಮನೆಗೆ ಅಮೆರಿಕದ ಹಾಡನ್ನು ತಲುಪಿಸಲು ಇಂಗ್ಲೆಂಡಿನಿಂದ ಜನ ಬರಬೇಕಾಯಿತು. ಕೆರೆಯ ನೀರನ್ನು ಕೆರೆಗೆ ಚೆಲ್ಲುವುದು ಎನ್ನುತ್ತೇವಲ್ಲ, ಇಲ್ಲಿ ಕೆರೆಯ ದಂಡೆಯಲ್ಲಿದ್ದವರಿಗೇ ಕೆರೆ ಇದೆಯೆಂದು ಗೊತ್ತಿರಲಿಲ್ಲ.

ಇದು ಒಳ್ಳೆಯ ಮುಖ. ನಿಮ್ಮ ಆರೋಪಕ್ಕೆ ತಕ್ಕ ಮುಖವೂ ಇದೆ, ಅದನ್ನು ಲೇಖನ ಮುಟ್ಟಲಿಲ್ಲ ಎನ್ನುವುದು ನ್ಯಾಯವಾದ ದೂರು.

ಬ್ರಿಟನ್ನಿನದೇ ಬ್ಯಾಂಡು ಲೆಡ್ ಜೆಪ್ಪೆಲಿನ್ 1969ರಲ್ಲಿ ಒಂದು ಹಾಡಿನಿಂದ ಲೋಕಪ್ರಸಿದ್ಧವಾಯಿತು. ಅದರ ಸಾಹಿತ್ಯದ ದೊಡ್ಡ ಭಾಗ ಮಡ್ಡಿ ವಾಟರ್ಸ್ ಏಳು ವರ್ಷ ಮೊದಲು ಹಾಡಿದ್ದು, ಬರೆದವರು ವಿಲ್ಲಿ ಡಿಕ್ಸನ್. ರೆಕಾರ್ಡಿನ ಮೇಲೆ ಡಿಕ್ಸನ್ ಹೆಸರೇ ಇರಲಿಲ್ಲ. 1985ರಲ್ಲಿ ಅವರು ಕೋರ್ಟಿಗೆ ಹೋದರು. ಎರಡು ವರ್ಷದ ನಂತರ ರಾಜಿಯಾಯಿತು, ಹಾಡಿಗೆ ಅವರ ಹೆಸರೂ ಸೇರಿತು. ಹದಿನೆಂಟು ವರ್ಷ! ಇದನ್ನು ಕಡ ಎಂದು ಕರೆಯಲು ನನಗೂ ಬಾಯಿ ಬರುವುದಿಲ್ಲ. ಡಿಕ್ಸನ್ 1992ರಲ್ಲಿ ತೀರಿಕೊಂಡರು. ಮರುವರ್ಷ ಅವರ ಹೆಂಡತಿ ಷಿಕಾಗೋದ ಸೌತ್ ಮಿಷಿಗನ್ ಅವೆನ್ಯೂದ 2120ನೇ ನಂಬರಿನ ಕಟ್ಟಡವನ್ನು ಕೊಂಡರು. ಅದು ಹಳೆಯ ಚೆಸ್ ಸ್ಟುಡಿಯೊ. ಜಾಗರ್ ಅಂಚೆಯಲ್ಲಿ ರೆಕಾರ್ಡು ತರಿಸುತ್ತಿದ್ದದ್ದು ಆ ಕಂಪನಿಯಿಂದ, 1964ರ ಜೂನಿನಲ್ಲಿ ಸ್ಟೋನ್ಸ್ ಯಾತ್ರೆ ಹೋದವರಂತೆ ಹೋಗಿ ಹಾಡು ಮುದ್ರಿಸಿಕೊಂಡು ಬಂದದ್ದು ಅಲ್ಲಿ. ಇವತ್ತು ಆ ಕಟ್ಟಡ ಡಿಕ್ಸನ್ ಕಟ್ಟಿದ ಸಂಸ್ಥೆಯ ಮನೆ. ತಮಗೆ ಸೇರಬೇಕಾದ ದುಡ್ಡು ಸೇರದೆ ಹೋದ ಬ್ಲೂಸ್ ಕಲಾವಿದರಿಗೆ ನೆರವಾಗುವುದೂ ಅದರ ಕೆಲಸ.

ಇದಕ್ಕೆ ಉಲ್ಟಾ ಕಥೆಯೂ ಒಂದಿದೆ. ಮಿಸಿಸಿಪ್ಪಿಯ ಸ್ಕಿಪ್ ಜೇಮ್ಸ್ 1931ರಲ್ಲಿ ಕೆಲವು ಹಾಡು ಮುದ್ರಿಸಿ, ಆರ್ಥಿಕ ಕುಸಿತದ ಕಾಲದಲ್ಲಿ ಅವು ಮಾರಾಟವಾಗದೆ, ಮೂವತ್ತು ವರ್ಷ ಕಣ್ಮರೆಯಾಗಿದ್ದವರು. ಹುಡುಕಿಕೊಂಡು ಹೋದವರಿಗೆ 1964ರಲ್ಲಿ ಸಿಕ್ಕಿದ್ದು ಆಸ್ಪತ್ರೆಯ ಮಂಚದ ಮೇಲೆ. 1966ರಲ್ಲಿ ಬ್ರಿಟನ್ನಿನ ಕ್ರೀಮ್ ಬ್ಯಾಂಡು ಅವರ ಹಾಡೊಂದನ್ನು ಅವರ ಹೆಸರು ಹಾಕಿಯೇ ಮುದ್ರಿಸಿತು. ಅದರ ರಾಯಲ್ಟಿ ಬಂದಾಗ ಕ್ಯಾನ್ಸರಿನ ಚಿಕಿತ್ಸೆಗೆ ಆಸರೆಯಾಯಿತು. ಒಂದು ಹೆಸರು ಅಚ್ಚಾದರೆ ಆಸ್ಪತ್ರೆಯ ಬಿಲ್ಲು ಕಟ್ಟಬಹುದು, ಅಚ್ಚಾಗದಿದ್ದರೆ ಹದಿನೆಂಟು ವರ್ಷ ಕಾಯಬೇಕು. ಕ್ರೀಮ್ ಬ್ಯಾಂಡಿನ ಗಿಟಾರ್ ವಾದಕನ ಹೆಸರು ಎರಿಕ್ ಕ್ಲ್ಯಾಪ್ಟನ್. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತಾನೆ.

(ನಡುವೆ ಒಂದು ತಮಾಷೆ. ಬೀಟಲ್ಸ್ ಹಾಡುಗಳ ಪ್ರಕಾಶನದ ಹಕ್ಕು 1969ರಲ್ಲಿ ಅವರ ಕೈತಪ್ಪಿ ಬೇರೊಂದು ಕಂಪನಿಯ ಪಾಲಾಯಿತು. 1985ರಲ್ಲಿ ಆ ಇಡೀ ಗಂಟನ್ನು 4 ಕೋಟಿ 75 ಲಕ್ಷ ಡಾಲರ್ ಕೊಟ್ಟು ಕೊಂಡವರು ಮೈಕಲ್ ಜಾಕ್ಸನ್. ಕಪ್ಪು ಅಮೆರಿಕದ ಹಾಡಿನಿಂದ ಕಲಿತ ಹುಡುಗರ ಹಾಡುಗಳಿಗೆ ಕಪ್ಪು ಅಮೆರಿಕದ ಹಾಡುಗಾರನೇ ಯಜಮಾನ! ಡಿಕ್ಸನ್ ಕೋರ್ಟಿನ ಮೆಟ್ಟಿಲು ಹತ್ತಿದ್ದೂ ಅದೇ ವರ್ಷ.)

‘ಹೊಸದಾಗಿ ಏನನ್ನೂ ಹುಟ್ಟಿಸಲಿಲ್ಲ’ ಎಂದಿರಿ. ಬರ್ಮಿಂಗ್‌ಹ್ಯಾಮಿಗೆ ಬನ್ನಿ. ಟೋನಿ ಅಯೋಮಿ ಎಂಬ ಹದಿನೇಳರ ಹುಡುಗ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಗಿಟಾರ್ ನುಡಿಸಲು ಬ್ಯಾಂಡೊಂದು ಕರೆದಿತ್ತು, ಅವತ್ತೇ ಕೆಲಸ ಬಿಡುವ ದಿನ. ಯಂತ್ರಕ್ಕೆ ಬಲಗೈ ಸಿಕ್ಕಿ ನಡುವಿನ ಎರಡು ಬೆರಳುಗಳ ತುದಿ ಹೋಯಿತು. ಅವನು ಎಡಚ, ತಂತಿ ಒತ್ತಬೇಕಾದದ್ದು ಆ ಬೆರಳುಗಳೇ. ಕಾರ್ಖಾನೆಯ ಮೇಲ್ವಿಚಾರಕ ಒಂದು ರೆಕಾರ್ಡು ತಂದು ಕೇಳಿಸಿದ. ಅದರಲ್ಲಿ ಗಿಟಾರ್ ನುಡಿಸುತ್ತಿದ್ದ ಜ್ಯಾಂಗೊ ರೈನ್‌ಹಾರ್ಟ್ ಬೆಂಕಿ ಅನಾಹುತದಲ್ಲಿ ಕೈ ಸುಟ್ಟುಕೊಂಡು ಎರಡೇ ಬೆರಳಿನಲ್ಲಿ ಸ್ವರ ಹಿಡಿಯುತ್ತಿದ್ದವರು. ಅಯೋಮಿ ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ಮೇಲೆ ಚರ್ಮ ಅಂಟಿಸಿಕೊಂಡ. ಬೆರಳು ನೋಯದಿರಲೆಂದು ತೆಳು ತಂತಿ ಹಾಕಿದ, ಆಮೇಲೆ ತಂತಿಯ ಬಿಗಿಯನ್ನೂ ಇಳಿಸಿದ. ತಂತಿ ಸಡಿಲವಾದಷ್ಟೂ ಸ್ವರ ಕೆಳಗಿಳಿಯಿತು, ಭಾರವಾಯಿತು, ಮೋಡ ಕವಿದಂತಾಯಿತು. 1970ರ ಫೆಬ್ರವರಿ 13ರಂದು ಅವನ ಬ್ಯಾಂಡು ಬ್ಲ್ಯಾಕ್ ಸಬತ್‌ನ ಮೊದಲ ಆಲ್ಬಮ್ ಬಂತು. ಇವತ್ತು ಹೆವಿ ಮೆಟಲ್ ಎನ್ನುವ ಪಂಥದ ಬೇರು ಅಲ್ಲಿದೆ. ಬ್ಲೂಸ್‌ನ ಬೀಜವೇ ಇರಬಹುದು, ಆದರೆ ಈ ಗಿಡ ಮಿಸಿಸಿಪ್ಪಿಯಲ್ಲಿ ಬೆಳೆಯುತ್ತಿರಲಿಲ್ಲ. ಅದಕ್ಕೆ ಬರ್ಮಿಂಗ್‌ಹ್ಯಾಮಿನ ತಗಡಿನ ಕಾರ್ಖಾನೆಯೇ ಬೇಕಿತ್ತು.

ಇನ್ನು ಸಮಾಜದ ವಿಷಯ. ‘ಸಮಾಜವನ್ನೇ ಬದಲಿಸಿದರು’ ಎಂಬ ವಾಕ್ಯ ಲೇಖಕರದ್ದು, ಆದರೆ ಅದಕ್ಕೆ ಕೆಂಪು ಗೆರೆ ಎಳೆಯದೆ ಬಿಟ್ಟವನು ನಾನು. ಹಾಡು ಸಮಾಜವನ್ನು ಹೇಗೆ ಬದಲಿಸುತ್ತದೆ ಎಂದು ಹೇಳುವುದು ಕಷ್ಟ. ಕರಾರುಪತ್ರ ಬದಲಿಸಿದ್ದನ್ನು ಮಾತ್ರ ತೋರಿಸಬಹುದು. 1964ರ ಸೆಪ್ಟೆಂಬರ್ 11ರಂದು ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ ಬೀಟಲ್ಸ್ ಕಾರ್ಯಕ್ರಮವಿತ್ತು. ನಾಗರಿಕ ಹಕ್ಕುಗಳ ಕಾಯಿದೆಗೆ ಸಹಿ ಬಿದ್ದು ಎರಡು ತಿಂಗಳಾಗಿದ್ದರೂ ಆ ಕ್ರೀಡಾಂಗಣದಲ್ಲಿ ಕಪ್ಪು ಜನರನ್ನು ಬೇರೆ ಕೂರಿಸುವ ಮಾತಿತ್ತು. ಯಾರು ಎಲ್ಲಿ ಬೇಕಾದರೂ ಕೂರುವ ಹಾಗಿದ್ದರೆ ಮಾತ್ರ ನುಡಿಸುತ್ತೇವೆ ಎಂದು ಇವರು ಮೊದಲೇ ಹೇಳಿಕೆ ಕೊಟ್ಟರು. ಸಂಘಟಕರು ಮಣಿದರು. ಡೋರಾ ಚಂಡಮಾರುತ ಆಗಷ್ಟೇ ಹಾದುಹೋಗಿತ್ತು, ಗಾಳಿಗೆ ಹಾರದಂತೆ ರಿಂಗೋ ಸ್ಟಾರ್‌ನ ಡ್ರಮ್ಮುಗಳನ್ನು ವೇದಿಕೆಗೆ ಮೊಳೆ ಹೊಡೆದು ನಿಲ್ಲಿಸಿದ್ದರು. ಮರುವರ್ಷದ ಕ್ಯಾಲಿಫೋರ್ನಿಯಾ ಕಾರ್ಯಕ್ರಮದ ಕರಾರಿನಲ್ಲಿ, ಬಣ್ಣ ನೋಡಿ ಬೇರ್ಪಡಿಸಿದ ಸಭೆಯ ಮುಂದೆ ನುಡಿಸುವುದಿಲ್ಲ ಎಂಬುದು ಒಂದು ಕಲಮಾಗಿಯೇ ಸೇರಿತ್ತು. ಇದೇನು ಮಹಾಕ್ರಾಂತಿಯಲ್ಲ. ನಮ್ಮೂರುಗಳಲ್ಲಿ ಪಂಕ್ತಿಭೇದ ನೋಡಿ ಬೆಳೆದ ನನ್ನಂಥವನಿಗೆ, ಊಟಕ್ಕೆ ಕರೆದ ಮನೆಯಲ್ಲೇ ‘ಎಲ್ಲರಿಗೂ ಒಂದೇ ಪಂಕ್ತಿಯಾದರೆ ಮಾತ್ರ ಎಲೆ ಮುಂದೆ ಕೂರುತ್ತೇನೆ’ ಎನ್ನಲು ಎಷ್ಟು ಗಟ್ಟಿ ಎದೆ ಬೇಕೆಂದು ಗೊತ್ತು.

ಅಮಲು ಪದಾರ್ಥದ ವಿಷಯದಲ್ಲಿ ನಾನು ಈ ಬ್ಯಾಂಡುಗಳ ವಕೀಲನಲ್ಲ. ಅದರಿಂದ ಸತ್ತವರ ಪಟ್ಟಿ ಉದ್ದವಿದೆ. ಅದಕ್ಕೆ ಸಂಬಂಧಿಸಿದ ಒಂದು ಪ್ರಸಂಗ ಮಾತ್ರ ನನ್ನ ಕಸುಬಿನವರದು, ಹೇಳದಿರಲಾರೆ. 1967ರ ಜೂನಿನಲ್ಲಿ ಜಾಗರ್‌ಗೆ ಮೂರು ತಿಂಗಳು, ರಿಚರ್ಡ್ಸ್‌ಗೆ ಒಂದು ವರ್ಷ ಜೈಲು ಶಿಕ್ಷೆಯಾಯಿತು. ಜಾಗರ್ ಬಳಿ ಸಿಕ್ಕಿದ್ದು ಇಟಲಿಯಲ್ಲಿ ಕಾನೂನುಬದ್ಧವಾಗಿ ಕೊಂಡಿದ್ದ ನಾಲ್ಕು ಮಾತ್ರೆ. ಆಗ ‘ದ ಟೈಮ್ಸ್’ ಪತ್ರಿಕೆಯ ಸಂಪಾದಕರು ವಿಲಿಯಂ ರೀಸ್-ಮಾಗ್. ಸಂಪ್ರದಾಯಸ್ಥರು, ಈ ಗದ್ದಲದ ಹಾಡುಗಳಿಗೂ ಅವರಿಗೂ ದೂರ. ಅಂಥವರು ಜುಲೈ 1ರಂದು ಸಂಪಾದಕೀಯ ಬರೆದು ಕೇಳಿದ್ದು ಒಂದೇ ಪ್ರಶ್ನೆ: ಹೆಸರಿಲ್ಲದ ಯಾವನೋ ಹುಡುಗ ಮೊದಲ ಸಲ ಇಷ್ಟೇ ತಪ್ಪು ಮಾಡಿ ಸಿಕ್ಕಿದ್ದರೆ ಇಂಥ ಶಿಕ್ಷೆ ಕೊಡುತ್ತಿದ್ದಿರಾ? ಮೇಲ್ಮನವಿ ಬಾಕಿ ಇತ್ತು, ನ್ಯಾಯಾಲಯ ನಿಂದನೆ ಎಂದು ಸಂಪಾದಕರನ್ನೇ ಕಟಕಟೆಗೆ ಎಳೆಯಬಹುದಿತ್ತು. ಎಳೆಯಲಿಲ್ಲ. ತಿಂಗಳ ಕೊನೆಗೆ ಮೇಲಿನ ಕೋರ್ಟು ಇಬ್ಬರ ಜೈಲು ಶಿಕ್ಷೆಯನ್ನೂ ತೆಗೆದುಹಾಕಿತು. ನನ್ನ ಮೇಜಿನ ಮುಂದೆ ಯಾರ ಫೋಟೋ ತೂಗುಹಾಕಲಿ ಎಂದು ಯಾರಾದರೂ ಕೇಳಿದರೆ ಜಾಗರ್‌ದು ಬೇಡ, ರೀಸ್-ಮಾಗ್ ಅವರದಿರಲಿ ಎನ್ನುತ್ತೇನೆ.

ಈಗ ಕ್ಲ್ಯಾಪ್ಟನ್. 1976ರ ಆಗಸ್ಟ್ 5, ಮತ್ತೆ ಬರ್ಮಿಂಗ್‌ಹ್ಯಾಮ್. ಕುಡಿದು ವೇದಿಕೆ ಹತ್ತಿದ ಈ ಮಹಾಶಯ, ವಲಸೆ ಬಂದವರನ್ನು ಹೊರಗಟ್ಟಿ ಎಂದು ಬೈಗುಳದ ಸಮೇತ ಭಾಷಣ ಬಿಗಿದ. ವಲಸಿಗರ ವಿರುದ್ಧ ಎಂಟು ವರ್ಷದ ಹಿಂದೆ ಅದೇ ಊರಿನಲ್ಲಿ ಮಾತಾಡಿದ್ದ ರಾಜಕಾರಣಿ ಎನಾಕ್ ಪೊವೆಲ್‌ಗೆ ಜೈ ಎಂದ. ಸ್ಕಿಪ್ ಜೇಮ್ಸ್‌ಗೆ ರಾಯಲ್ಟಿ ತಲುಪಿಸಿದ ಬ್ಯಾಂಡಿನ ಅದೇ ಮನುಷ್ಯ. ಎರಡು ವರ್ಷದ ಹಿಂದೆಯಷ್ಟೇ ಜಮೈಕಾದ ಬಾಬ್ ಮಾರ್ಲಿಯ ಹಾಡು ಹಾಡಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಏರಿದ್ದವನು. ಉಂಡ ಮನೆಯ ಜಂತೆ ಎಣಿಸುವುದು ಅಂದರೆ ಇದೇ.

ಮೇಷ್ಟ್ರೇ, ನಿಮ್ಮ ಪತ್ರ ಬಂದಾಗ ನನಗೆ ಮೊದಲು ನೆನಪಾದದ್ದು ಆಮೇಲೆ ನಡೆದದ್ದು. ರೆಡ್ ಸಾಂಡರ್ಸ್ ಎಂಬ ಛಾಯಾಗ್ರಾಹಕ ಮತ್ತು ಗೆಳೆಯರು ಸಿಟ್ಟಿನಲ್ಲಿ ಸಂಗೀತ ಪತ್ರಿಕೆಗಳಿಗೆ ಒಂದು ಓದುಗರ ಪತ್ರ ಬರೆದರು. ನಿನ್ನ ಸಂಗೀತದಲ್ಲಿ ಅರ್ಧ ಕಪ್ಪು ಜನರದು, ಅದು ನಿನಗೆ ನೆನಪಿಲ್ಲವೆ ಎಂದು ಕ್ಲ್ಯಾಪ್ಟನ್‌ನನ್ನು ನೇರವಾಗಿ ಕೇಳಿದ್ದರು. ಮಾರ್ಲಿಯ ಹಾಡಿನ ಮಾತನ್ನೇ ಹಿಡಿದು ಚುಚ್ಚುವ ಒಂದು ಅಡಿಟಿಪ್ಪಣಿಯೂ ಇತ್ತು. ವರ್ಣಭೇದದ ವಿರುದ್ಧ ರಾಕ್ ಸಂಗೀತದವರದೇ ಒಂದು ಚಳವಳಿ ಕಟ್ಟಬೇಕು, ಜೊತೆ ಬರುವವರು ಬರೆಯಿರಿ ಎಂದು ಕರೆಕೊಟ್ಟಿದ್ದರು. ನೂರಾರು ಉತ್ತರ ಬಂದವು. ‘ರಾಕ್ ಅಗೇನ್‌ಸ್ಟ್ ರೇಸಿಸಂ’ ಹುಟ್ಟಿದ್ದು ಹಾಗೆ, ವಾಚಕರ ವಾಣಿಯ ಅಂಕಣದಲ್ಲಿ. ಬಿಳಿ ಹುಡುಗರ ಪಂಕ್ ಬ್ಯಾಂಡುಗಳು, ಕೆರಿಬಿಯನ್ ಮನೆತನಗಳ ರೆಗೆ ಬ್ಯಾಂಡುಗಳು ಒಂದೇ ವೇದಿಕೆ ಹತ್ತತೊಡಗಿದವು. 1978ರ ಏಪ್ರಿಲ್ 30ರಂದು ಜನ ಟ್ರಫಾಲ್ಗರ್ ಚೌಕದಿಂದ ಪೂರ್ವ ಲಂಡನ್ನಿನ ವಿಕ್ಟೋರಿಯಾ ಪಾರ್ಕಿನವರೆಗೆ ಮೈಲುಗಟ್ಟಲೆ ನಡೆದು ಹೋದರು. ಅಲ್ಲಿ ಪಂಕ್ ಬ್ಯಾಂಡು ಕ್ಲ್ಯಾಷ್ ನುಡಿಸಿತು, ರೆಗೆ ಬ್ಯಾಂಡು ಸ್ಟೀಲ್ ಪಲ್ಸ್ ನುಡಿಸಿತು. ನ್ಯಾಷನಲ್ ಫ್ರಂಟ್ ಎಂಬ ವಲಸಿಗ-ದ್ವೇಷಿ ಪಕ್ಷ ತಲೆಯೆತ್ತುತ್ತಿದ್ದ ಬಡಾವಣೆಗಳ ಅಂಗಳದಲ್ಲೇ ಹತ್ತಾರು ಸಾವಿರ ಜನ ಸೇರಿದ್ದರು.

ಲೇಖನ ಈ ಉತ್ಸವದ ಫೋಟೋದೊಂದಿಗೆ ಮುಗಿದುಬಿಟ್ಟಿತು. ನಾನಾಗಿದ್ದರೆ ಇನ್ನು ನಾಲ್ಕು ದಿನ ಮುಂದಕ್ಕೆ ಹೋಗುತ್ತಿದ್ದೆ. ಮೇ 4ರ ಸಂಜೆ, ಅದೇ ಪೂರ್ವ ಲಂಡನ್ನಿನಲ್ಲಿ, ಬಟ್ಟೆ ಹೊಲಿಯುವ ಕೆಲಸ ಮುಗಿಸಿ ಮನೆಗೆ ನಡೆದು ಹೋಗುತ್ತಿದ್ದ ಬಂಗಾಳಿ ಯುವಕ ಅಲ್ತಾಬ್ ಅಲಿಯನ್ನು ಹದಿಹರೆಯದ ಹುಡುಗರು ಇರಿದು ಕೊಂದರು. ಹತ್ತು ದಿನದ ನಂತರ ಸಾವಿರಾರು ಬಂಗಾಳಿಗಳು ಅವನ ಶವಪೆಟ್ಟಿಗೆಯ ಹಿಂದೆ ಪ್ರಧಾನಿಯ ನಿವಾಸದವರೆಗೆ ಮಳೆಯಲ್ಲಿ ನಡೆದರು. ಆ ಮೆರವಣಿಗೆಗೆ ಗಿಟಾರು ಬೇಕಿರಲಿಲ್ಲ. ಅವನು ಬಿದ್ದ ಜಾಗದ ಪಕ್ಕದ ಉದ್ಯಾನಕ್ಕೆ ಈಗ ಅವನ ಹೆಸರಿದೆ. 1979ರ ಚುನಾವಣೆಯಲ್ಲಿ ನ್ಯಾಷನಲ್ ಫ್ರಂಟ್ ನೆಲಕಚ್ಚಿತು. ಅದಕ್ಕೆ ಹಾಡೂ ಒಂದು ಕಾರಣ ಎಂದು ಸಂಘಟಕರು ಹೇಳುತ್ತಾರೆ, ಆ ಮತಗಳು ಥ್ಯಾಚರ್ ಅವರ ಬುಟ್ಟಿಗೆ ಬಿದ್ದವು ಎಂದು ಇನ್ನು ಕೆಲವರು ಹೇಳುತ್ತಾರೆ. ನಾನು ಎರಡನ್ನೂ ನಂಬುತ್ತೇನೆ. ಕ್ಲ್ಯಾಪ್ಟನ್ ಎಷ್ಟೋ ವರ್ಷಗಳ ಮೇಲೆ, 2018ರಲ್ಲಿ, ಅವತ್ತಿನ ತನ್ನ ಮಾತಿಗೆ ನಾಚಿಕೆಪಡುತ್ತೇನೆ ಎಂದ.

ಕನ್ನಡ ಪತ್ರಿಕೆಗೆ ಇದೆಲ್ಲ ಏಕೆ ಎಂದಿರಿ. ‘ಇದರಿಂದ ನಮಗೇನು ಉಪಯೋಗ’ ಎಂದು ಕೇಳಿ ಪುಟ ತುಂಬಿಸುವುದು ನನ್ನಿಂದಾಗದು. ನಂಟು ಬೇಕೇ ಎಂದರೆ ಅದೂ ಇದೆ. ರೋಲಿಂಗ್ ಸ್ಟೋನ್ಸ್ 2003ರ ಏಪ್ರಿಲಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದರು. ಅದೇ ಮೈದಾನಕ್ಕೆ 2007ರ ಮಾರ್ಚ್ 17ರಂದು ಐರನ್ ಮೇಡನ್ ಬಂತು. ಭಾರತದಲ್ಲಿ ಅವರ ಮೊಟ್ಟಮೊದಲ ಕಾರ್ಯಕ್ರಮ ಅದು. ಮುಂಬೈಯಲ್ಲೂ ಅಲ್ಲ, ದಿಲ್ಲಿಯಲ್ಲೂ ಅಲ್ಲ. ಆ ಸಂಜೆ ಮೇಖ್ರಿ ವೃತ್ತದ ಹತ್ತಿರ ಬಸ್ಸಿನಲ್ಲಿ ಸಿಕ್ಕಿಹಾಕಿಕೊಂಡಿದ್ದವರಲ್ಲಿ ನಾನೂ ಒಬ್ಬ. ಕಿಟಕಿಯಾಚೆ ಎಲ್ಲಿ ನೋಡಿದರೂ ಕಪ್ಪು ಬನಿಯನ್ನಿನ ಹುಡುಗರು. ಪಕ್ಕದಲ್ಲಿ ಕೂತಿದ್ದ ಅಜ್ಜಿ, ‘ಯಾರಪ್ಪಾ ಇವರೆಲ್ಲ, ಅಯ್ಯಪ್ಪನ ಮಾಲೆ ಹಾಕಿದವರಾ?’ ಎಂದು ಕೇಳಿದರು. ಮಾರ್ಚಿನಲ್ಲಿ ಯಾವ ಮಾಲೆ ಅಜ್ಜಿ ಎನ್ನಬೇಕು ಅನ್ನಿಸಿತು. ಆ ಹುಡುಗರ ಮುಖದ ಭಕ್ತಿ ನೋಡಿ ಸುಮ್ಮನಾದೆ.

ಹಾಗಾಗಿ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಗೊತ್ತಿದೆ. ಹಲ್ಲುಕಿರಿದ, ಕೆದರಿದ ಕೂದಲಿನ ಅಸ್ಥಿಪಂಜರ ಎಂದು ನೀವು ಬಣ್ಣಿಸಿದ್ದು ಬಹುಶಃ ಎಡ್ಡಿ, ಐರನ್ ಮೇಡನ್ ಬ್ಯಾಂಡಿನ ಗುರುತಿನ ಬೇತಾಳ. ಬ್ಯಾಂಡು 1975ರಲ್ಲಿ ಪೂರ್ವ ಲಂಡನ್ನಿನಲ್ಲಿ ಹುಟ್ಟಿದ್ದು. ಅಯೋಮಿಯ ಪ್ಲಾಸ್ಟಿಕ್ ಬೆರಳುಗಳಿಗೆ ಮೊಮ್ಮಗನೋ ಮರಿಮಗನೋ ಆಗಬೇಕು. ಎಡ್ಡಿಗೆ ಹೆದರಬೇಕಿಲ್ಲ. ನಮ್ಮ ಕಚೇರಿಯ ಡಿಟಿಪಿ ಹುಡುಗನ ಹತ್ತಿರ ಅಂಥ ಬನಿಯನ್ನು ನಾಲ್ಕಿವೆ. ಒಗೆಯುವಾಗ ಒಳಮಗ್ಗಲು ಹೊರಗೆ ಮಾಡಿ ತಣ್ಣೀರಿನಲ್ಲಿ ಒಗೆಯಬೇಕಂತೆ, ಬಿಸಿಲಿಗೆ ನೇರ ಹಾಕಬಾರದಂತೆ. ಇಲ್ಲದಿದ್ದರೆ ಬೇತಾಳದ ಬಣ್ಣ ಹೋಗುತ್ತದೆ, ಮೊಮ್ಮಗ ಬೇಜಾರು ಮಾಡಿಕೊಳ್ಳುತ್ತಾನೆ.

– ಸಂ.